ಬತ್ತಿಯತ್ತೆಯ ಮೇಜು

ಆ ಮನೆಯ ಹಿಂದಿನ ಶೆಡ್ಡಿನಲ್ಲಿ ರಸ್ಕು ಸುಡುವವರು ಯಾರೇ ಇರಲಿ, ಅದನ್ನು ಪೊಟ್ಟಣಕ್ಕೆ ಸೇರಿಸುವವಳು ಮಾತ್ರ ಬತ್ತಿಯತ್ತೆ. ಇದು ಮನೆಮಂದಿಗೆಲ್ಲ ಗೊತ್ತಿದ್ದ ಮಾತು. ಬತ್ತಿಯತ್ತೆಗಂತೂ ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು. ಪ್ಲಾಸ್ಟಿಕ್ಕಿನ ಕವರಿನಲ್ಲಿ ರಸ್ಕು ಜೋಡಿಸಿ, ಬಾಯಿ ಮಡಚಿ, ಹಳೇ ಗರಗಸದ ಅಲಗಿಗೆ ಒತ್ತಿ ಹಿಡಿದು, ಉರಿಯುವ ಮೇಣದಬತ್ತಿಯ ಮುಂದೆ ಒಮ್ಮೆ ಸರ್ರನೆ ಎಳೆದರೆ ಪೊಟ್ಟಣ ಮುಚ್ಚಿಕೊಳ್ಳುತ್ತಿತ್ತು. ಕೂಲಿಗೆ ಬರುವ ಇಬ್ಬರು ಹೆಂಗಸರು ಮೇಜಿನ ಆಚೆ ಬದಿ ಸೇರಿ ಮಾಡಿದಷ್ಟನ್ನು ಈಚೆ ಬದಿ ಇವಳೊಬ್ಬಳೇ ಮಾಡಿ ಮುಗಿಸುತ್ತಿದ್ದಳು, ಅದೂ ಬಾಯಿಗೆ ಒಂದು ಗಳಿಗೆ ಬಿಡುವು ಕೊಡದೆ. ಓಣಿಯ ಮಕ್ಕಳು ಇಟ್ಟ ಹೆಸರು ಅಂಗಡಿಗಳವರೆಗೂ ಹೋಗಿ, ಅವಳ ನಿಜವಾದ ಹೆಸರನ್ನು ಅಣ್ಣನೂ ಮರೆತಂತಿದ್ದ.

ಮದುವೆಯಾಗಿ ಸ್ವಲ್ಪ ಕಾಲಕ್ಕೇ ಗಂಡ ಬೇರೊಬ್ಬಳ ಕೈಹಿಡಿದು ಊರು ಬಿಟ್ಟಿದ್ದ. ತವರಿಗೆ ಬಂದ ಮಗಳನ್ನು ಅಪ್ಪ ಮೂಲೆಯಲ್ಲಿ ಅಳಲು ಬಿಡದೆ ಈ ಮೇಜಿನ ಮುಂದೆ ತಂದು ಕೂರಿಸಿದ್ದ. ಅಪ್ಪ ಹೋದ, ಅಮ್ಮ ಹೋದಳು, ಮನೆ ಅಣ್ಣನದಾಯಿತು, ಅಡುಗೆಮನೆ ಅತ್ತಿಗೆಯದಾಯಿತು. ಮೇಜಿನ ಈಚೆ ಬದಿ ಮಾತ್ರ ಇವಳದಾಗಿಯೇ ಉಳಿಯಿತು. ಅತ್ತಿಗೆಯ ಮುಖ ಎಂದಾದರೂ ಬಿಗಿದುಕೊಂಡದ್ದು ಕಂಡರೆ ಎದ್ದು ಹೋಗಿ ಅಲ್ಲಿ ಕೂರುತ್ತಿದ್ದಳು. ಸಂಬಳ ಎಂದು ಯಾರೂ ಕೊಡಲಿಲ್ಲ, ಮನೆಯವಳಿಗೆ ಎಂಥ ಸಂಬಳ? ಆದರೆ ಊಟಕ್ಕೆ ಕೂತಾಗ ತಟ್ಟೆಯನ್ನು ಮುಂದಕ್ಕೆ ತಳ್ಳಿ "ಇನ್ನಷ್ಟು ಹಾಕಿ ಅತ್ತಿಗೆ" ಎನ್ನುವಾಗ ಅವಳ ದನಿ ಎಂದೂ ತಗ್ಗಿರಲಿಲ್ಲ. ಕೂತು ತಿನ್ನುವವಳು ಎಂದು ಅವಳನ್ನು ಯಾರೂ ಅನ್ನುವಂತಿರಲಿಲ್ಲ. ಅವಳಿಗೆ ಈ ಭೂಮಿಯ ಮೇಲೆ ಇದ್ದ ಆಸ್ತಿ ಅಷ್ಟೇ.

ಯಂತ್ರದ ಮಾತು ತೆಗೆದವನು ಸಾಹೇಬ. ಸಾಹೇಬ ಎಂದರೆ ಅಣ್ಣನ ಮಗ. ಚಿಕ್ಕವನಿದ್ದಾಗ ಬೂಟಿಲ್ಲದೆ ಅಂಗಳಕ್ಕೂ ಇಳಿಯುತ್ತಿರಲಿಲ್ಲವೆಂದು ಅತ್ತೆಯೇ ಇಟ್ಟ ಹೆಸರು. ಸಣ್ಣಪುಟ್ಟ ತಿನಿಸಿನ ಕಾರ್ಖಾನೆಗಳಿಗೆ ಹೊಸ ಯಂತ್ರ ಹಾಕಿಸಿಕೊಡುವ ನೆರವಿನ ಕೇಂದ್ರವೊಂದು ಪೇಟೆಯಲ್ಲಿ ತೆರೆದಿತ್ತು. ಬೆಲೆಯಲ್ಲಿ ಅರ್ಧ ಅವರದು, ಅರ್ಧ ಕಾರ್ಖಾನೆಯವರದು. ಮೊದಲು ಅವರ ಕಡೆಯ ಸಲಹೆಗಾರನೊಬ್ಬ ಬಂದು ಕೆಲಸ ನೋಡಿ, ಎಲ್ಲಿ ಏನು ಬೇಕೆಂದು ಹೇಳಬೇಕು.

ಸಲಹೆಗಾರ ಬಂದ. ಸಣಕಲು ಹುಡುಗ, ಮಾತು ಮೆದು. ತಲೆಗೆ ಬಲೆಯ ಟೊಪ್ಪಿಗೆ ಹಾಕಿಕೊಂಡು ಶೆಡ್ಡಿನ ಮೂಲೆಮೂಲೆ ಸುತ್ತಿದ. ಹಿಟ್ಟು ನೋಡಿದ, ಭಟ್ಟಿ ನೋಡಿದ, ಕೊನೆಗೆ ಬತ್ತಿಯತ್ತೆಯ ಮುಂದೆ ನಿಂತು ಮೊಬೈಲು ಹಿಡಿದ.

"ಅಮ್ಮಾ, ಸ್ವಲ್ಪ ನಿಧಾನ ಮಾಡಿ. ವಿಡಿಯೊದಲ್ಲಿ ನಿಮ್ಮ ಕೈ ಕಾಣಿಸ್ತಾನೇ ಇಲ್ಲ."

"ನಿಧಾನ ಮಾಡೋಕೆ ನನಗೆ ಯಾರೂ ಕಲಿಸಿಲ್ವಲ್ಲಪ್ಪ," ಎಂದಳು ಬತ್ತಿಯತ್ತೆ. ಎದುರಿನ ಹೆಂಗಸರು ನಕ್ಕರು. ಅವಳು ಸೆರಗು ಸರಿಮಾಡಿಕೊಂಡು ಇನ್ನಷ್ಟು ಬೇಗ ಮಾಡಿ ತೋರಿಸಿದಳು. ಯಾರೋ ತನ್ನ ಕೈಯನ್ನು ಚಿತ್ರ ಹಿಡಿಯುತ್ತಿದ್ದಾರೆಂದು ಅವಳಿಗೆ ಮದುವೆಯ ದಿನದಷ್ಟು ನಾಚಿಕೆ, ಅಷ್ಟೇ ಹಿಗ್ಗು.

ಹೊರಡುವ ಮುಂಚೆ ಸಲಹೆಗಾರ ಅಣ್ಣನಿಗೂ ಸಾಹೇಬನಿಗೂ ವಿಷಯ ಬಿಡಿಸಿ ಹೇಳಿದ. "ನಿಮ್ಮ ಭಟ್ಟಿ ಬೇಗ ಮುಗಿಸ್ತಿದೆ, ಮೇಜು ತಡ ಮಾಡ್ತಿದೆ. ಬೆಳಿಗ್ಗೆ ಸುಟ್ಟ ಮಾಲು ಸಂಜೆವರೆಗೂ ಟ್ರೇಯಲ್ಲಿ ಕಾಯ್ತಾ ಕೂತಿರುತ್ತೆ. ಅಷ್ಟು ಹೊತ್ತು ಕಾಯೋದು ನಷ್ಟ. ನಿಮಗೆ ಬೇಕಾಗಿರೋದು ಪ್ಯಾಕಿಂಗ್ ಮಿಷಿನ್ನು."

ಆ ದಿನ ಊಟದ ಹೊತ್ತಿಗೆ ಮನೆಯಲ್ಲಿ ಜಗಳ ಶುರುವಾಯಿತು.

"ಚೆನ್ನಾಗಿ ನಡೀತಿರೋದನ್ನ ಯಾಕೆ ಕೆಣಕ್ತೀಯ?" ಎಂದ ಅಣ್ಣ.

"ಎಲ್ಲಿ ನಡೀತಿದೆ ಅಪ್ಪಾ? ನಾವು ತಳ್ತಾ ಇದ್ದೀವಿ. ದೊಡ್ಡ ಕಂಪನಿ ಪ್ಯಾಕೆಟ್ಟು ನೋಡಿದ್ದೀಯಾ? ಫಳಫಳ ಅಂತದೆ, ಮೇಲೆ ತಾರೀಕು ಬೇರೆ. ನಮ್ಮದನ್ನ ಅಂಗಡಿಯವರು ಬೆಂಚಿನ ಕೆಳಗೆ ಇಡ್ತಾರೆ."

"ರುಚಿ ನೋಡಿ ತಗೊಳ್ಳೋರು ತಗೊಳ್ತಾರೆ."

"ಬೆಂಚಿನ ಕೆಳಗೆ ಬಗ್ಗಿ ರುಚಿ ನೋಡೋಕೆ ಯಾರಿಗೆ ಪುರುಸೊತ್ತಿದೆ?"

ಸಾಹೇಬನ ಹೆಂಡತಿ ತಲೆಬಗ್ಗಿಸಿಕೊಂಡು ಬಡಿಸುತ್ತಿದ್ದಳು. ಓದಿಕೊಂಡಿದ್ದ ಹುಡುಗಿ, ಮಾವನ ಎದುರು ಬಾಯಿ ಬಿಡುತ್ತಿರಲಿಲ್ಲ. ಕೇಂದ್ರದ ಅರ್ಜಿಯನ್ನೆಲ್ಲ ತುಂಬಿದ್ದು ಅವಳೇ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಅಣ್ಣ ಕೊನೆಗೆ ತಂಗಿಯ ಕಡೆ ತಿರುಗಿದ. ಪ್ಯಾಕಿಂಗಿನ ಮಾತು ಬಂದಾಗ ಅವಳದೇ ಕೊನೆಯ ಮಾತು.

"ನೀನು ಹೇಳೇ. ಬೇಕಾ ಇದು?"

ಬೇಡ ಎಂದಿದ್ದರೆ ಅಣ್ಣ ಅಲ್ಲಿಗೇ ಬಿಡುತ್ತಿದ್ದ. ಬತ್ತಿಯತ್ತೆ ಸಾಹೇಬನ ಮುಖ ನೋಡಿದಳು. ಎತ್ತಿ ಆಡಿಸಿದ ಮಗು, ಉಸಿರು ಬಿಗಿಹಿಡಿದು ಕೂತಿದ್ದಾನೆ. ಅವಳ ಬೆರಳ ತುದಿಗಳೂ ಬತ್ತಿಯ ಬಿಸಿಗೆ ಬಿರಿದು ಉಪ್ಪು ಮುಟ್ಟಿದರೆ ಉರಿಯುತ್ತಿದ್ದವು.

"ತರಲಿ ಬಿಡಣ್ಣ," ಎಂದಳು. "ಹುಡುಗ ಇಷ್ಟು ಆಸೆ ಪಡ್ತಿದ್ದಾನೆ."

"ಮಿಷಿನ್ನು ಬಂದ ಮೇಲೆ ನೀವೇನು ಮಾಡ್ತೀರಿ?" ಎಂದು ಅತ್ತಿಗೆ ಕೇಳಿದಳು. ಆ ಮನೆಯಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

"ನಾನೇ ಓಡಿಸ್ತೀನಿ!"

"ಮತ್ತಿನ್ಯಾರು?" ಎಂದ ಸಾಹೇಬ ಖುಷಿಯಿಂದ. "ಅತ್ತೆನೇ ಡ್ರೈವರು."

ಯಂತ್ರ ಬಂದ ದಿನ ಶೆಡ್ಡಿನ ಬಾಗಿಲು ಸಾಲದೆ ಚೌಕಟ್ಟು ಕೀಳಿಸಬೇಕಾಯಿತು. ಒಳಗೆ ಬಂದ ಮೇಲೆ ಅದಕ್ಕೂ ಮೇಜಿಗೂ ಒಟ್ಟಿಗೆ ಜಾಗವಾಗಲಿಲ್ಲ, ಮೇಜನ್ನು ಹಿತ್ತಿಲಿಗೆ ಹಾಕಿದರು. ಕೂಲಿಯ ಹೆಂಗಸರಿಗೆ ಇನ್ನು ಬರಬೇಡಿ ಎಂದು ಹೇಳುವ ಕೆಲಸ ಯಾರಿಗೂ ಬೇಡವಾಗಿತ್ತು. ಬತ್ತಿಯತ್ತೆ ತಾನೇ ಹೇಳಿದಳು, ಕೈಗೆ ಒಂದೊಂದು ದೊಡ್ಡ ಪೊಟ್ಟಣ ರಸ್ಕನ್ನೂ ಕೊಟ್ಟಳು.

"ಕಾಲ ಹಾಗಿದೆ, ಏನು ಮಾಡೋದು ಹೇಳಿ," ಎಂದಳು, ಮನೆಯ ಯಜಮಾನಿಯ ಗತ್ತಿನಲ್ಲಿ.

ಅವರಲ್ಲಿ ಹಿರಿಯಳು ಚಪ್ಪಲಿ ಮೆಟ್ಟುತ್ತ, "ನಿಮಗೇನಮ್ಮ ಯೋಚನೆ, ನೀವು ಮನೆಯವರು," ಎಂದಳು. ಬತ್ತಿಯತ್ತೆಗೆ ಆ ಮಾತು ಕೇಳಿ ಹಾಯೆನಿಸಿತು.

ಮೆಕ್ಯಾನಿಕ್ಕು ಎರಡು ದಿನ ನಿಂತು ಕೆಲಸ ಕಲಿಸಿದ. ಯಂತ್ರಕ್ಕೊಂದು ಗಾಜಿನ ಮುಖ, ಅದರ ತುಂಬ ಅಂಕಿ, ಬಾಣ, ಬಣ್ಣ. ಸಾಹೇಬನ ಹೆಂಡತಿ ಒಮ್ಮೆ ನೋಡಿಯೇ ಹಿಡಿದುಕೊಂಡಳು. ಬತ್ತಿಯತ್ತೆ ಕನ್ನಡಕ ಏರಿಸಿ, ಇಳಿಸಿ, ಬಾಯಲ್ಲೇ ಪಾಠ ಒಪ್ಪಿಸುತ್ತ, ಮೂರನೆಯ ದಿನ "ಈಗ ಬಿಡಿ, ನಾನು ನೋಡ್ಕೊಳ್ತೀನಿ" ಎಂದು ಎಲ್ಲರನ್ನೂ ಪಕ್ಕಕ್ಕೆ ಸರಿಸಿದಳು. ಬೆಲ್ಟಿನ ಮೇಲೆ ರಸ್ಕು ಅಡ್ಡಡ್ಡ ಬಿತ್ತು. ಮೂವತ್ತು ವರ್ಷದ ಅಭ್ಯಾಸ, ಅಡ್ಡ ಬಿದ್ದದ್ದನ್ನು ನೆಟ್ಟಗೆ ಮಾಡಲು ಕೈ ತಾನಾಗಿಯೇ ಹೋಯಿತು.

"ಅತ್ತೇ! ಮುಟ್ಟಬೇಡ!"

ಸಾಹೇಬ ಅವಳ ಮೊಣಕೈ ಹಿಡಿದು ಎಳೆದ ರಭಸಕ್ಕೆ ಅವಳು ಹಿಂದಿನ ಟ್ರೇಗಳ ಮೇಲೆ ಬಿದ್ದಳು. ಇನ್ನೊಂದು ಗಳಿಗೆ ತಡವಾಗಿದ್ದರೆ ಬೆರಳು ಸೀಲಾಗುತ್ತಿತ್ತು. ಯಂತ್ರ ಒಂದಿಷ್ಟು ಪ್ಲಾಸ್ಟಿಕ್ಕನ್ನು ಉಂಡೆ ಮಾಡಿ ನುಂಗಿ, ಕೆಂಪು ದೀಪ ಹಾಕಿಕೊಂಡು ನಿಂತಿತು. ಅದನ್ನು ಬಿಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು.

"ನೀನು ಇಷ್ಟು ವರ್ಷ ದುಡಿದದ್ದು ಸಾಕು ಅತ್ತೆ," ಎಂದ ಸಾಹೇಬ, ಊಟದ ಹೊತ್ತಿಗೆ. ಮುಖ ಇನ್ನೂ ಬಿಳಿಚಿಕೊಂಡಿತ್ತು. "ಇನ್ನು ಆರಾಮಾಗಿರು."

ಹೊಟ್ಟೆಯೊಳಗಿಂದ ಬಂದ ಮಾತು ಅದು. ಬತ್ತಿಯತ್ತೆಗೂ ಗೊತ್ತಿತ್ತು.

ಆರಾಮಾಗಿರುವುದು ಹೇಗೆಂದು ಅವಳಿಗೆ ತಿಳಿಯದು. ಬೆಳಿಗ್ಗೆ ಎದ್ದು ಮುಖ ತೊಳೆದು ಶೆಡ್ಡಿನ ಕಡೆ ನಾಲ್ಕು ಹೆಜ್ಜೆ ಇಟ್ಟು, ನೆನಪಾಗಿ ಹಿಂದಿರುಗಿ, ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವಳು. ಅಡುಗೆಮನೆಯನ್ನು ಅತ್ತಿಗೆ ಒಬ್ಬಳೇ ಆಳಿದವಳು. ಅವಳಿಗೂ ಈ ಹೊಸ ಕೈಯನ್ನು ಏನು ಮಾಡಬೇಕೆಂದು ಗೊತ್ತಾಗಲಿಲ್ಲ.

"ಇಷ್ಟು ದಪ್ಪ ಹೆಚ್ಚಿದ್ರೆ ಇದು ಬೇಯೋದು ಯಾವಾಗ?"

ಮರುದಿನ ಸಣ್ಣಗೆ ಹೆಚ್ಚಿದಳು.

"ಇಷ್ಟು ಸಣ್ಣಗೆ ಹೆಚ್ಚಿದ್ರೆ ಕರಗಿ ಹೋಗಲ್ವಾ?"

"ನಡುಮಧ್ಯ ಎಷ್ಟು ಅಂತ ಒಂದು ತುಂಡು ಹೆಚ್ಚಿ ತೋರಿಸಿಬಿಡಿ ಅತ್ತಿಗೆ, ಅಳತೆ ಇಟ್ಕೊಂಡು ಹೆಚ್ತೀನಿ."

"ನಾನು ಹೆಚ್ಚಿ ತೋರಿಸೋ ಹೊತ್ತಿಗೆ ಎಲ್ಲಾ ಹೆಚ್ಚಿ ಮುಗಿಸ್ತೀನಿ. ನೀವು ಹೋಗಿ ಕೂತ್ಕೊಳ್ಳಿ."

ಕೂತುಕೊಳ್ಳಿ. ಮನೆಯಲ್ಲಿ ಎಲ್ಲರ ಬಾಯಲ್ಲೂ ಈಗ ಅದೇ ಮಾತು. ಎಷ್ಟು ಹೊತ್ತು ಕೂರುವುದು? ಪಾತ್ರೆ ತೊಳೆಯುವ ಕೆಲಸ ಮಾತ್ರ ಯಾರೂ ಬೇಡ ಎನ್ನಲಿಲ್ಲ, ಅದನ್ನು ಹಿಡಿದುಕೊಂಡಳು. ಬೆರಳಿನ ಬಿರುಕು ನೀರಿಗೆ ಇನ್ನಷ್ಟು ಬಾಯಿ ಬಿಟ್ಟಿತು. ಊಟಕ್ಕೆ ಗಂಡಸರ ಜೊತೆ ಮೊದಲ ಸಾಲಿನಲ್ಲಿ ಕೂರುತ್ತಿದ್ದವಳು, ಯಾರೂ ಹೇಳದೆಯೇ, ಕೊನೆಗೆ ಕೂರತೊಡಗಿದಳು. ಎರಡನೇ ಸಲ ಬಡಿಸಲು ಬಂದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಎನ್ನುವುದನ್ನು ಕಲಿತಳು.

"ಯಾಕೆ ಚಿಕ್ಕತ್ತೆ, ಮೈ ಸರಿಯಿಲ್ವಾ?" ಎಂದು ಸಾಹೇಬನ ಹೆಂಡತಿ ಕೇಳಿದರೆ, "ಕೂತಿರೋ ಮೈಗೆ ಎಷ್ಟು ಬೇಕು ಕಣಮ್ಮ" ಎಂದು ನಗುವಳು.

ಶೆಡ್ಡಿನಲ್ಲಿ ಮಾತ್ರ ಹಬ್ಬದ ಕಳೆ. ಸಾಹೇಬನ ಹೆಂಡತಿ ಮೊದಮೊದಲು ಹೆದರಿ ಹೆದರಿ ನಿಧಾನ ಓಡಿಸುತ್ತಿದ್ದ ಯಂತ್ರವನ್ನು ಈಗ ಪೂರ್ತಿ ವೇಗಕ್ಕೆ ಬಿಟ್ಟಿದ್ದಳು. ಭಟ್ಟಿಯಿಂದ ಟ್ರೇ ಹೊರಗೆ ಬರುತ್ತಲೇ ಬೆಲ್ಟಿಗೆ ಸುರಿದರೆ, ಮಧ್ಯಾಹ್ನದ ಊಟಕ್ಕೆ ಮುಂಚೆ ದಿನದ ಮಾಲೆಲ್ಲ ಪ್ಯಾಕಾಗಿ, ತಾರೀಕು ಹೊತ್ತು, ವ್ಯಾನಿಗೆ ಸಿದ್ಧ. ಅಣ್ಣ ಕೂಡ ಒಂದು ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಪರವಾಗಿಲ್ಲ ಕಣೋ" ಎಂದ. ಆ ಮನುಷ್ಯನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿದ್ದಿಲ್ಲ. ಅಂಗಡಿಯವರು ಬೆಂಚಿನ ಕೆಳಗಿಂದ ಎತ್ತಿ ಕಣ್ಣಿನ ಮಟ್ಟಕ್ಕೆ ಇಟ್ಟರು.

ಮೂರು ವಾರವಾಗಿರಬಹುದು, ವ್ಯಾನಿನವನು ಖಾಲಿ ವ್ಯಾನಿನ ಬದಲು ತುಂಬಿದ ವ್ಯಾನು ತಂದು ನಿಲ್ಲಿಸಿದ. ಅಂಗಡಿಗಳಿಂದ ವಾಪಸು ಬಂದ ಮಾಲು. ಅಣ್ಣ ಒಂದು ಪ್ಯಾಕೆಟ್ಟು ಹರಿದು ರಸ್ಕು ಮುರಿದ. ಮುರಿಯಲಿಲ್ಲ, ಬಾಗಿತು. ಇನ್ನೊಂದನ್ನು ಹರಿದರೆ ಮೂಲೆಯಲ್ಲಿ ಹಸಿರು ಬೂಷ್ಟು.

"ಕಟುಂ ಅನ್ನದಿದ್ರೆ ಅದು ರಸ್ಕೇ ಅಲ್ಲ ಅಂತ ಬೈದ್ರು ಯಜಮಾನ್ರೆ," ಎಂದ ವ್ಯಾನಿನವನು. "ಒಬ್ಬರಂತೂ ಇದನ್ನ ನೆನೆಸೋಕೆ ಚಹಾ ಯಾಕೆ, ನೀವೇ ನೆನೆಸಿ ಕೊಟ್ಟಿದ್ದೀರಲ್ಲ ಅಂದ್ರು."

ಯಾರೂ ನಗಲಿಲ್ಲ. ಹಿಟ್ಟು ಅದೇ, ಭಟ್ಟಿ ಅದೇ, ಸುಡುವವನು ಅದೇ ಅಣ್ಣ. ಮೆಕ್ಯಾನಿಕ್ಕನ್ನು ಕರೆಸಿದರು. ಅವನು ಪ್ಯಾಕೆಟ್ಟನ್ನು ನೀರಲ್ಲಿ ಮುಳುಗಿಸಿ ಹಿಸುಕಿ, ಒಂದು ಗುಳ್ಳೆಯೂ ಬರದಿದ್ದುದನ್ನು ತೋರಿಸಿ, "ಸೀಲು ಕಲ್ಲಿನ ಹಾಗಿದೆ, ಹೊರಗಿನ ತೇವ ಒಳಗೆ ಹೋಗೋ ಮಾತೇ ಇಲ್ಲ" ಎಂದು ಹೋದ. ಸಲಹೆಗಾರ ಬೇರೆ ಊರಿನ ಕಾರ್ಖಾನೆಗಳ ಕಡೆ ಹೋಗಿದ್ದ, ಬಂದ ಕೂಡಲೇ ಬರುತ್ತೇನೆಂದು ಫೋನಿನಲ್ಲಿ ಹೇಳಿದ. ವಾಪಸು ಬಂದ ಮಾಲು ಗೋಡೆಯುದ್ದಕ್ಕೂ ಬೆಳೆಯಿತು. ಮನೆಯಲ್ಲಿ ಪಲ್ಯ ಒಂದಕ್ಕೆ ಇಳಿಯಿತು.

ಒಂದು ಮಧ್ಯಾಹ್ನ ಊಟ ಬಡಿಸುತ್ತ ಅತ್ತಿಗೆ, ಯಾವ ದುರುದ್ದೇಶವೂ ಇಲ್ಲದೆ, ಹೊಳೆದದ್ದನ್ನು ಹೇಳಿದಳು.

"ನೀವು ಪಾತ್ರೆ ತೊಳೆದು ಒದ್ದೆ ಕೈಯಲ್ಲೇ ಹೋಗಿ ಟ್ರೇ ಮುಟ್ತಾ ಇರ್ತೀರಲ್ಲ. ಅದರಿಂದ ಏನಾದ್ರೂ..."

ಅಣ್ಣನ ಕೈ ತುತ್ತಿನೊಂದಿಗೆ ತಟ್ಟೆಯ ಮೇಲೇ ನಿಂತಿತು.

"ಟ್ರೇ ಮುಟ್ತೀಯಾ?"

"ಅಡ್ಡ ಇದ್ದದ್ದನ್ನ ನೆಟ್ಟಗೆ ಇಡ್ತೀನಿ ಅಷ್ಟೇ ಅಣ್ಣ. ಹಾಗೇ ಹಾದುಹೋಗುವಾಗ."

"ಒದ್ದೆ ಕೈಯಲ್ಲಿ?"

"ಒರೆಸಿಕೊಂಡಿರ್ತೀನಿ."

"ಒರೆಸಿಕೊಂಡಿರ್ತೀನಿ ಅಂದ್ರೆ? ಒರೆಸಿಕೊಂಡೇ ಹೋಗಿದ್ದು ಖಾತ್ರಿನಾ?"

ಬತ್ತಿಯತ್ತೆಗೆ ಹೌದು ಎನ್ನಲಾಗಲಿಲ್ಲ. ಸೆರಗಿಗೆ ಕೈ ಒರೆಸಿದ್ದು ಯಾರು ನೆನಪಿಡುತ್ತಾರೆ? ಅವಳು ತಡವರಿಸಿದ್ದನ್ನು ಅಣ್ಣ ಬೇರೆಯೇ ಥರ ಓದಿಕೊಂಡ.

"ಮಿಷಿನ್ನು ನಿನಗೆ ಒಲೀಲಿಲ್ಲ ಅಂತ ಇಡೀ ಮನೆಗೇ ಬತ್ತಿ ಇಟ್ಯಲ್ಲೇ!"

"ಅಪ್ಪಾ!" ಎಂದ ಸಾಹೇಬ.

"ನೀನು ಸುಮ್ಮನಿರು. ಮಿಷಿನ್ನು ಸರಿಯಿದೆ, ಹಿಟ್ಟು ಸರಿಯಿದೆ. ಮತ್ತೆ ಕೆಡಿಸಿದ್ದು ಯಾರು? ಹೊಟ್ಟೆಕಿಚ್ಚಿಗೆ ಮದ್ದಿಲ್ಲ."

"ಹೊಟ್ಟೆಕಿಚ್ಚಾ?" ಎಂದಳು ಬತ್ತಿಯತ್ತೆ. "ತರಲಿ ಅಂತ ಹೇಳಿದವಳೇ ನಾನಣ್ಣ. ಇದೇ ಜಾಗದಲ್ಲಿ ಕೂತು ಹೇಳಿದ್ದೆ."

"ಹೇಳಿದ್ದೆ. ಡ್ರೈವರಾಗೋ ಆಸೆಗೆ ಹೇಳಿದ್ದೆ. ಇನ್ನು ಮೇಲೆ ಶೆಡ್ಡಿಗೆ ಕಾಲಿಡಬೇಡ."

ಅವಳು ಅತ್ತಿಗೆಯ ಕಡೆ ನೋಡಿದಳು. ಅತ್ತಿಗೆ ತಾನು ಆಡಿದ ಮಾತು ಇಷ್ಟು ದೂರ ಓಡಿದ್ದಕ್ಕೆ ಬೆದರಿ ಪಾತ್ರೆಯೊಳಗೆ ಸೌಟು ತಿರುಗಿಸುತ್ತಿದ್ದಳು. ಸಾಹೇಬನ ಕಡೆ ನೋಡಿದಳು. ಅತ್ತೆ ಕೆಡಿಸಲಿಲ್ಲವೆಂದರೆ ಕೆಟ್ಟದ್ದು ಅವನು ತಂದ ಯಂತ್ರದಿಂದ, ಅವನ ಹೆಂಡತಿಯ ಕೈಯಿಂದ. ಅಷ್ಟು ಲೆಕ್ಕ ಅವನಿಗೂ ಬರುತ್ತಿತ್ತು. ಅನ್ನ ಕಲಸಿಕೊಂಡು ಉಂಡ.

ಆಮೇಲಿನ ದಿನಗಳಲ್ಲಿ ಬತ್ತಿಯತ್ತೆಗೆ ತನ್ನ ಮೇಲೇ ಅನುಮಾನ ಹತ್ತಿತು. ಎಷ್ಟು ಸಲ ಹಾಗೆ ಹೋಗಿದ್ದೆ? ಯಾವ ಟ್ರೇ ಮುಟ್ಟಿದ್ದೆ? ಎರಡು ಹನಿ ನೀರಿಗೆ ಒಂದು ವ್ಯಾನಿನ ಮಾಲು ಕೆಡುತ್ತದೆಯೇ? ಕೆಡದು ಎಂದು ಬುದ್ಧಿ ಹೇಳಿದರೂ ಕೈ ನಂಬದು. ಕೈ ತೊಳೆದು ಒರೆಸುವಳು, ಒರೆಸಿದ ಬಟ್ಟೆ ಬಿಟ್ಟು ಬೇರೆ ಬಟ್ಟೆಯಲ್ಲಿ ಮತ್ತೆ ಒರೆಸುವಳು. ಶೆಡ್ಡಿನ ಮುಂದೆ ಹಾದುಹೋಗಬೇಕಾದರೆ ಕೈಯೆರಡನ್ನೂ ಸೆರಗಿನೊಳಗೆ ಸುತ್ತಿಕೊಂಡು ಹೋಗುವಳು. ದುಃಖ ಉಕ್ಕಿ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಒಂದು ಭಯ. ಈ ವಯಸ್ಸಿನಲ್ಲಿ ಹೊರಡು ಎಂದರೆ ಹೋಗುವುದೆಲ್ಲಿಗೆ?

ಅವಳು ಮುಟ್ಟುವುದು ನಿಂತ ಮೇಲೂ ಮಾಲು ವಾಪಸು ಬರುವುದು ನಿಲ್ಲಲಿಲ್ಲ. ಇದು ಅವಳ ಪರವಾದ ಸಾಕ್ಷಿ ಎಂದು ಯಾರಿಗೂ ಅನಿಸಲಿಲ್ಲ. ಹಳೇ ಮಾಲು ಇನ್ನೂ ಬರುತ್ತಿದೆ ಎಂದ ಅಣ್ಣ. ಅದು ಹೊಸ ಮಾಲೆಂದು ತಾರೀಕು ಓದಿದರೆ ತಿಳಿಯುತ್ತಿತ್ತು, ಅಷ್ಟು ಖರ್ಚು ಮಾಡಿ ಹಾಕಿಸಿದ ತಾರೀಕು. ಓದಿದವಳು ಸಾಹೇಬನ ಹೆಂಡತಿ ಒಬ್ಬಳೇ. ಓದಿ, ಗಂಡನಿಗೆ ಹೇಳಿದಳು. ಗಂಡ "ಸಲಹೆಗಾರರು ಬರಲಿ ತಡಿ" ಎಂದ.

ಸಲಹೆಗಾರ ಬಂದಾಗ ಯಂತ್ರ ಓಡುತ್ತಿತ್ತು. ಎಂದಿನಂತೆ ಬಲೆಯ ಟೊಪ್ಪಿಗೆ ಹಾಕಿಕೊಂಡು, ಬೆಲ್ಟಿನ ಕೊನೆಯಲ್ಲಿ ಬಿದ್ದ ಪ್ಯಾಕೆಟ್ಟೊಂದನ್ನು ಎತ್ತಿಕೊಂಡ. ಎತ್ತಿದವನು ಅದನ್ನು ಕೆನ್ನೆಗೆ ಒತ್ತಿ ಹಿಡಿದ. ಬತ್ತಿಯತ್ತೆ ಇದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದಳು.

"ಇದು ಬಿಸಿ ಇದೆಯಲ್ಲ."

"ಈಗ ತಾನೇ ಭಟ್ಟಿಯಿಂದ ಬಂತು," ಎಂದ ಸಾಹೇಬ, ಹೆಮ್ಮೆಯಿಂದಲೇ.

"ಬಿಸಿಬಿಸಿಯಲ್ಲೇ ಸೀಲ್ ಮಾಡ್ತಿದ್ದೀರಾ? ಒಳಗಿನ ಹಬೆ ಎಲ್ಲಿಗೆ ಹೋಗಬೇಕು ಸಾರ್? ಅಲ್ಲೇ ನೀರಾಗುತ್ತೆ, ರಸ್ಕೇ ಕುಡಿಯುತ್ತೆ." ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. "ಮೊದಲು ಎಷ್ಟು ಹೊತ್ತು ಆರಿಸ್ತಿದ್ರಿ?"

ಆ ಮನೆಯಲ್ಲಿ ರಸ್ಕನ್ನು ಯಾರೂ ಆರಿಸಿದ್ದೇ ಇಲ್ಲ. ಅಪ್ಪನ ಕಾಲದಿಂದಲೂ ಇಲ್ಲ. ಸುಟ್ಟದ್ದನ್ನು ಟ್ರೇಯಲ್ಲಿ ಇಡುತ್ತಿದ್ದರು, ಮೇಜಿನ ಸರದಿ ಬರುವವರೆಗೆ ಅದು ಅಲ್ಲೇ ಕೂತಿರುತ್ತಿತ್ತು. ಮೂರು ಹೆಂಗಸರ ಆರು ಕೈ ಎಷ್ಟೇ ಬೇಗ ಓಡಿದರೂ ಭಟ್ಟಿಗಿಂತ ನಿಧಾನ. ಆ ನಿಧಾನದಲ್ಲೇ ರಸ್ಕು ತನ್ನ ಪಾಡಿಗೆ ತಾನು ಆರುತ್ತಿತ್ತು. ಅದೂ ಒಂದು ಕೆಲಸವೆಂದು ಅಣ್ಣನಿಗೂ ಗೊತ್ತಿರಲಿಲ್ಲ, ಬತ್ತಿಯತ್ತೆಗೂ ಗೊತ್ತಿರಲಿಲ್ಲ.

"ಕಾಯೋದು ನಷ್ಟ ಅಂದಿದ್ದು ನೀವೇ ಅಲ್ವಾ?" ಎಂದ ಅಣ್ಣ, ಮೆಲ್ಲಗೆ.

"ಇಡೀ ದಿನ ಕಾಯೋದು ನಷ್ಟ ಅಂದೆ ಸಾರ್. ಕಾಯೋದೇ ಬೇಡ ಅನ್ನಲಿಲ್ಲ." ಸಲಹೆಗಾರ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಆದ್ರೆ ಹೇಳಬೇಕಾಗಿತ್ತು. ಇದನ್ನ ಬಾಯಿಬಿಟ್ಟು ಹೇಳಬೇಕು ಅಂತ ನನಗೆ ಹೊಳೀಲೇ ಇಲ್ಲ. ತಪ್ಪಾಯ್ತು."

ಹೊರಗಿನವನು ತಪ್ಪಾಯಿತು ಎಂದ. ಬತ್ತಿಯತ್ತೆ ಕಿಟಕಿಯ ಸರಳು ಹಿಡಿದು ನಿಂತಳು. ಈಗ ಅಣ್ಣ ಈ ಕಡೆ ತಿರುಗುತ್ತಾನೆ. ಏನೂ ಹೇಳುವುದು ಬೇಡ, ತಿರುಗಿದರೆ ಸಾಕು. ಅಣ್ಣ ಯಂತ್ರವನ್ನೇ ನೋಡುತ್ತಿದ್ದ.

"ಹಾಗಾದ್ರೆ ಈಗೇನು ಮಾಡ್ಬೇಕು?" ಎಂದು ಕೇಳಿದ.

"ಸುಲಭ. ಸುಟ್ಟದ್ದನ್ನ ಒಂದು ಒಣ ಕೋಣೆಯಲ್ಲಿ ಹರಡಿ, ಮೇಲೆ ಫ್ಯಾನು ಬಿಡಿ. ಪೂರ್ತಿ ಆರಿದ ಮೇಲೆ ಪ್ಯಾಕ್ ಮಾಡಿ. ಶೆಡ್ಡಲ್ಲಿ ಭಟ್ಟಿ ಕಾವಿದೆ, ಆಗಲ್ಲ. ಅಡುಗೆಮನೆ ಹಬೆನೂ ತಾಗಬಾರದು. ಶೆಡ್ಡಿಗೆ ಅಂಟಿಕೊಂಡ ಹಾಗೆ ಒಂದು ಕೋಣೆ ಇದೆಯಲ್ಲ, ಅದು ಖಾಲಿ ಇದೆಯಾ?"

ಸಾಹೇಬ ಕೆಮ್ಮಿದ. "ನೋಡ್ತೀವಿ," ಎಂದ.

ಅದು ಖಾಲಿ ಇರಲಿಲ್ಲ. ಬತ್ತಿಯತ್ತೆ ಅಲ್ಲಿ ಮಲಗುತ್ತಿದ್ದಳು, ತವರಿಗೆ ಬಂದ ದಿನದಿಂದ.

ಆ ದಿನ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತರು. ಅತ್ತಿಗೆ ಎಂದಿಗಿಂತ ಮುತುವರ್ಜಿಯಿಂದ ನಾದಿನಿಯ ತಟ್ಟೆಗೆ ಕೇಳದೆಯೇ ಎರಡು ಸಲ ಬಡಿಸಿದಳು. ಅದು ಅವಳ ಕ್ಷಮಾಪಣೆ. ಇಬ್ಬರಿಗೂ ಅರ್ಥವಾಗಿತ್ತು, ಇಬ್ಬರೂ ತಲೆ ಎತ್ತಲಿಲ್ಲ. ಸಾಹೇಬ ನೀರು ಕುಡಿದ, ಮತ್ತೆ ಕುಡಿದ.

"ಅಂಗಡಿಗಳನ್ನ ಮತ್ತೆ ಹಿಡೀಬೇಕು," ಎಂದ ಕೊನೆಗೆ. "ಅರ್ಧಕ್ಕರ್ಧ ಜನ ದೊಡ್ಡ ಕಂಪನಿ ಮಾಲು ಇಟ್ಟುಬಿಟ್ಟಿದ್ದಾರೆ. ಬೇಗ ಸರಿ ಮಾಡದಿದ್ರೆ ಉಳಿದವರೂ ಕೈ ಬಿಡ್ತಾರೆ."

"ಮಾಡಬೇಕು," ಎಂದ ಅಣ್ಣ.

"ಹೊಸ ಕೋಣೆ ಕಟ್ಟೋಕಂತೂ ಆಗಲ್ಲ."

"ಆಗಲ್ಲ."

ಮತ್ತೆ ಯಾರೂ ಮಾತಾಡಲಿಲ್ಲ. ಆ ಮೌನ ತನ್ನನ್ನೇ ಕಾಯುತ್ತಿದೆ ಎಂದು ಬತ್ತಿಯತ್ತೆಗೆ ಗೊತ್ತಾಗದೆ ಇರುತ್ತದೆಯೇ?

"ನನ್ನ ಕೋಣೆ ತಗೊಳ್ಳಿ," ಎಂದಳು.

ಹೇಳಿ, ಬೇಡ ಎನ್ನಲಿ ಎಂದು ಕಾದಳು. ಒಬ್ಬರು ಅಂದರೆ ಸಾಕಿತ್ತು. ಅವಳೇ ಹಟ ಹಿಡಿದು ಕೊಡುತ್ತಿದ್ದಳು, ಕೊಟ್ಟು ಮೊದಲಿನಂತೆ ದೊಡ್ಡವಳಾಗುತ್ತಿದ್ದಳು.

"ಕಿಟಕಿಗೆ ಜಾಲರಿ ಹೊಡಿಸ್ಬೇಕು," ಎಂದ ಅಣ್ಣ, ತಟ್ಟೆ ನೋಡುತ್ತ. "ನೊಣ ಬರ್ತವೆ."

"ನೀನು ನಡುಮನೆಯಲ್ಲಿ ಮಲಗಬಹುದು ಅತ್ತೆ, ಅಲ್ಲಿ ಗಾಳಿ ಚೆನ್ನಾಗಿದೆ," ಎಂದ ಸಾಹೇಬ. "ಸ್ವಲ್ಪ ದಿನ ಅಷ್ಟೇ."

ಮರುದಿನ ಬೆಳಿಗ್ಗೆ ಮಂಚ ಕಳಚುವಾಗ ಸಾಹೇಬನ ಹೆಂಡತಿ ಸಹಾಯಕ್ಕೆ ಬಂದಳು. ಹಾಸಿಗೆ ಸುತ್ತುತ್ತ, ಮಡಚಿದ ಸೀರೆಗಳನ್ನು ಮಂಕರಿಗೆ ತುಂಬುತ್ತ, ಹೇಳಲೋ ಬೇಡವೋ ಎಂದು ತೊಳಲಾಡಿ ಹೇಳಿದಳು.

"ಚಿಕ್ಕತ್ತೆ, ಒಂದಂತೂ ಒಳ್ಳೇದಾಯ್ತು. ನಿಮ್ಮದೇನೂ ತಪ್ಪಿರಲಿಲ್ಲ ಅಂತ ಎಲ್ಲರಿಗೂ ಗೊತ್ತಾಯ್ತಲ್ಲ."

ಬತ್ತಿಯತ್ತೆ ದಿಂಬನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಈ ಹುಡುಗಿಯ ಮೇಲೆ ಅವಳಿಗೆ ಯಾವ ಸಿಟ್ಟೂ ಇರಲಿಲ್ಲ. ಸಿಟ್ಟು ಯಾರ ಮೇಲೂ ಉಳಿದಿರಲಿಲ್ಲ.

"ತಪ್ಪು ನಂದೇ ಆಗಿದ್ರೆ ಚೆನ್ನಾಗಿತ್ತು ಕಣಮ್ಮ," ಎಂದಳು. "ಬೈತಿದ್ರು, ಬಾಗಿಲಲ್ಲಿ ನಿಲ್ಲಿಸ್ತಿದ್ರು, ಆಮೇಲೆ ಸರಿ ಮಾಡು ಬಾ ಅಂತ ಕರೀತಿದ್ರು. ಈಗ ನನ್ನನ್ನ ಕರೆಯೋಕೆ ಏನಿದೆ ಹೇಳು?"

ಅಷ್ಟರಲ್ಲಿ ಬಾಗಿಲ ಬಳಿ ಹೆಜ್ಜೆ ಸದ್ದಾಯಿತು. ದಿನದ ಮೊದಲ ಬ್ಯಾಚು ಭಟ್ಟಿಯಿಂದ ಬಂದಿತ್ತು. ಸಾಹೇಬ ಕೈಗೆ ಬಟ್ಟೆ ಸುತ್ತಿಕೊಂಡು, ಹಬೆಯಾಡುವ ಟ್ರೇಯೊಂದನ್ನು ಹೊತ್ತು ಹೊಸ್ತಿಲಲ್ಲಿ ನಿಂತಿದ್ದ. ಕೈ ಸುಡುತ್ತಿತ್ತೆಂದು ಕಾಣುತ್ತದೆ, ಅವಸರ ಅವನ ಮುಖದಲ್ಲಿತ್ತು.

"ಅತ್ತೆ, ಸ್ವಲ್ಪ ಪಕ್ಕಕ್ಕೆ ಬಾ," ಎಂದ.

ಅವಳು ಪಕ್ಕಕ್ಕೆ ಸರಿದಳು.